ಗುಂಡುಸೂಜಿ ಹಡಗು ಹತ್ತಲಿಲ್ಲ

...ಇನ್ನೂ ಅಗಲ. ಇನ್ನೂ... ಭಾವ, ಬಾಯಿ ತೆಗೀರಿ ಅಂದ್ರೆ ಚಳಿಗಾಲದಲ್ಲಿ ಕಿಟಕಿ ತೆಗೆದ ಹಾಗೆ ಸಂದಿ ಬಿಡ್ತೀರಲ್ಲ! ಹಾಂ, ಹಾಗೆ. ಇಂಜೆಕ್ಷನ್ ಹಿಡೀತು ತಾನೆ? ತುಟಿ ದಪ್ಪ ಆದ ಹಾಗಿದೆಯಾ? ತಲೆ ಆಡಿಸಿ ಸಾಕು, ಮಾತಾಡ್ಬೇಡಿ. ಬೇರೆ ಪೇಶೆಂಟ್‌ಗಳಿಗೆ ಇದನ್ನ ಹತ್ತು ಸಲ ಹೇಳ್ಬೇಕು. ನಿಮಗೆ ಹೇಳೋದೇ ಬೇಡ. ಹುಟ್ಟಿದಾಗಲೇ ಬಾಯಿಗೆ ಹತ್ತಿ ಇಟ್ಕೊಂಡು ಬಂದವರು ನೀವು!

ಯಾಕೆ ಹಾಗೆ ನೋಡ್ತೀರ? ಸುಳ್ಳಾ?

ಈ ಪೈಪು ಎಂಜಲು ಎಳ್ಕೊಳ್ಳುತ್ತೆ, ಕಚ್ಚಬೇಡಿ. ನೋವಾದ್ರೆ ಎಡಗೈ ಎತ್ತಿ. ಅಯ್ಯೋ ದೇವರೇ, ಹಿಂದಿನ ದವಡೆ ಹಲ್ಲು ನೋಡಿ... ನೀವು ಹೇಗೆ ನೋಡ್ತೀರ, ನಾನೇ ನೋಡ್ತೀನಿ. ಒಳಗೆ ಸುರಂಗ ಕೊರೆದಿದೆ! ಇಷ್ಟು ದಿನ ನೋವು ತಿನ್ಕೊಂಡು ಕೂತಿದ್ರಾ? ಯಾರ ಹತ್ರನೂ ಹೇಳ್ಲಿಲ್ವಾ? ಹೇಳೋದಾದ್ರೂ ಯಾರಿಗೆ, ಮನೇಲಿ ಯಾರಿದ್ದಾರೆ ಅಂತೀರಾ? ಅಕ್ಕ ಇದ್ದಾಗ ಮಾತ್ರ ಭಾಷಣ ಮಾಡ್ತಿದ್ರಿ ಅನ್ನೋ ಹಾಗೆ!

ನೋಡಿ, ನೀವು ಕೇಳೋ ಮೊದಲೇ ಹೇಳಿಬಿಡ್ತೀನಿ. ಅಕ್ಕ ಎಲ್ಲಿದ್ದಾಳೋ ನನಗೆ ಗೊತ್ತಿಲ್ಲ. ಫೋನನ್ನೂ ನಿಮ್ಮ ಟೇಬಲ್ ಮೇಲೇ ಬಿಟ್ಟು ಹೋದವಳು, ನನಗೆ ವಿಳಾಸ ಕೊಟ್ಟು ಹೋಗ್ತಾಳಾ? ಯಾರೋ ಗೆಳತಿ ಮನೇಲಿ ಆರಾಮಾಗಿ ಇರ್ತಾಳೆ ಬಿಡಿ.

ಡ್ರಿಲ್ ಶುರು ಮಾಡ್ತಿದ್ದೀನಿ. ಭುಜ ಇಳಿಸಿ. ಕಂಪ್ಯೂಟರ್ ಆಟದಲ್ಲಿ ರೋಬೋಟ್‌ಗಳ, ರಾಕ್ಷಸ ಹುಳಗಳ ಪಡೆ ಎದುರು ಒಬ್ಬರೇ ನುಗ್ಗೋ ಶೂರ, ಇಷ್ಟು ಚಿಕ್ಕ ಸೂಜಿಗೆ ಹೆದರೋದಾ! ಹಗಲೆಲ್ಲ ಲೈಬ್ರರಿಯಲ್ಲಿ ಕೂತು 'ಶ್' ಅನ್ನೋ ಮನುಷ್ಯ, ಸಂಜೆ ಹೆಡ್‌ಸೆಟ್ ಏರಿಸಿದ್ರೆ ಸೇನಾಧಿಪತಿ. ಆಟದಲ್ಲಿ ಹೆಸರು ಬೇರೆ ಏನು ಇಟ್ಕೊಂಡಿದ್ದೀರ... 'ಗುಡುಗು'! ನಿಮ್ಮ ಗುಡುಗು ಕೇಳಿ ನನಗೇ ಬೆರಗು, ಭಾವ. 'ಎಡಗಡೆ ಹುಳ! ಬಗ್ಗಿ! ಪರವಾಗಿಲ್ಲ, ನಾನಿದ್ದೀನಿ, ಓಡಿ ಬನ್ನಿ!' ಮುತ್ತು ಉದುರೋದು ಅಂದ್ರೆ ಅದು. ಅಕ್ಕ ಪಾಪ, ಊಟ ಬಡಿಸಿ ಎದುರಿಗೆ ಕೂತು, ಉಪ್ಪು ಸಾಕಾ ಅಂತ ಕೇಳಿದ್ರೆ ಇವರ ಉತ್ತರ 'ಹೂಂ'. ಬೇಕಾ ಅಂತ ಕೇಳಿದ್ರೂ 'ಹೂಂ'. ಅದೇ ಮನುಷ್ಯ ಎಲ್ಲೋ ಇರೋ ಅಪರಿಚಿತರ ಜೊತೆ ಯಾವುದೋ ಗ್ರಹದಲ್ಲಿ ಗಂಟೆಗಟ್ಟಲೆ ಹರಟೆ! ಅವಳು ಮನೆ ಬಿಟ್ಟು ಹೋಗದೆ ಏನ್ ಮಾಡ್ತಾಳೆ?

ಕೈ ಎತ್ತಿದ್ರಾ? ನೋವಾ? ಇಲ್ವಾ... ಹಾಗಾದ್ರೆ ಇಳಿಸಿ. ಸತ್ಯ ಚುಚ್ಚಿದ್ದಕ್ಕೆಲ್ಲ ಕೈ ಎತ್ತೋ ಹಾಗಿಲ್ಲ.

ಹಾಂ, ಅಪರಿಚಿತರು ಅಂದಾಗ ನೆನಪಾಯ್ತು. ಆ 'ಗುಂಡುಸೂಜಿ'! ಅದ್ಯಾರನ್ನ ಭಾವ ನಮ್ಮ ತಂಡಕ್ಕೆ ಸೇರಿಸಿಕೊಂಡಿರೋದು? ನಾಲ್ಕು ಜನರ ಆಟದಲ್ಲಿ ದಿನಾ ಇರೋರು ನಾವಿಬ್ಬರೇ, ಚೆನ್ನಾಗಿದ್ವಿ. ಹೂಂ, ಹೂಂ, ನಾನೇ ಸೇರಿಸಿದ್ದು, ಗೊತ್ತು. ಪಾಪ ಯಾರೋ ಹೊಸಬರು ಅಂತ ಕನಿಕರ. ಯಾರೋ ಕಾಲೇಜು ಹುಡುಗ ಇರ್ಬೇಕು, ಮೈಕೂ ಇಲ್ಲ, ಮಾತೂ ಇಲ್ಲ, ತಪ್ಪು ಮಾಡಿದ್ರೆ ಎದುರಿಗೆ ಬಂದು ಒಂದು ಸಲಾಮು ಹೊಡೆಯುತ್ತೆ ಅಷ್ಟೆ. ಎಷ್ಟು ಸಲಾಮು! ಈ ಆಟದಲ್ಲಿ ನಮ್ಮವರ ಗುಂಡು ನಮಗೂ ತಗಲುತ್ತೆ ಅನ್ನೋದನ್ನೇ ಆ ಪ್ರಾಣಿ ಇನ್ನೂ ಕಲಿತಿಲ್ಲ. ಹುಳ ಆಕಡೆ, ಬಾಂಬು ನಿಮ್ಮ ಕಾಲ ಕೆಳಗೆ! ನಾನಾಗಿದ್ರೆ ಕಿವಿ ಹಿಂಡಿ ಆಚೆ ಹಾಕ್ತಿದ್ದೆ. ನೀವು? 'ಪರವಾಗಿಲ್ಲ, ನಿಧಾನ, ಮೊದಲು ಉಸಿರು ತಗೊಳ್ಳಿ, ಆಮೇಲೆ ಎಸೀರಿ.' ಆಹಾಹಾ! ಮೊದಲನೇ ಸಲ ಒಂದು ಹುಳ ಹೊಡೆದಾಗ 'ಶಭಾಷ್' ಅಂದ್ರಲ್ಲ, ಅವತ್ತು ಆ ಖುಷಿಗೆ ಊಟ ಆರಿಹೋದ್ರೂ ಏಳದೆ ಕೂತಿತ್ತು...

ನನಗೆ ಹೇಗೆ ಗೊತ್ತು ಅಂತಾನಾ? ಊಹೆ! ಊಹೆ ಮಾಡಬಾರದಾ? ಹೊಸಬರು ಎಲ್ಲರೂ ಹಾಗೇ ಅಲ್ವಾ. ಬಾಯಿ ತೆಗೆದೇ ಇಟ್ಟಿರಿ.

ಏನು? ಮೇಲೆ ಸದ್ದಾ? ಬೆಕ್ಕು. ನಮ್ಮನೆ ಬೆಕ್ಕು. ಕೆಳಗೆ ಕ್ಲಿನಿಕ್, ಮೇಲೆ ಮನೆ, ಅದಕ್ಕೆ ಎಲ್ಲ ಕೇಳಿಸುತ್ತೆ... ಕುರ್ಚಿ ಎಳೆದ ಹಾಗಿತ್ತಾ? ಹಾಲು ಜಾಸ್ತಿ ಕುಡಿಸಿಬಿಟ್ಟಿದ್ದೀನಿ, ಶಕ್ತಿ ಬಂದಿದೆ. ಮೇಲೆ ನೋಡ್ಬೇಡಿ, ನನ್ನ ದೀಪದ ಕಡೆ ನೋಡಿ. ಇಡೀ ಊರಲ್ಲಿ ನಿಮಗೆ ಬೇರೆ ಹಲ್ಲಿನ ಡಾಕ್ಟರೇ ಸಿಗಲಿಲ್ವಾ ಅಂತ!

ಏನ್ ಹೇಳ್ತಿದ್ದೆ... ಹಾಂ, ಆ ಗುಂಡುಸೂಜಿಯ ಹುಚ್ಚು. ನೀವು ಗಮನಿಸಿದ್ರೋ ಇಲ್ವೋ. ಸುತ್ತಲೂ ರೋಬೋಟ್‌ಗಳು ಗುಂಡಿನ ಮಳೆ ಸುರಿಸ್ತಿವೆ, ನಾನು ಗಂಟಲು ಹರ್ಕೊಂಡು ಸಹಾಯಕ್ಕೆ ಕೂಗ್ತಿದ್ದೀನಿ, ಈ ಮಹಾತ್ಮ ಏನ್ ಮಾಡ್ತಿದೆ? ನೆಲದ ಮೇಲೆ ಬಿದ್ದಿರೋ ಬಂದೂಕುಗಳನ್ನ ಒಂದೊಂದೇ ಆರಿಸಿ ತಂದು ಸಾಲಾಗಿ ಜೋಡಿಸ್ತಿದೆ! ಬಾಯಿ ಎಲ್ಲ ಒಂದೇ ಕಡೆಗೆ, ಹಿಡಿ ಎಲ್ಲ ಒಂದೇ ಕಡೆಗೆ. ಯುದ್ಧಭೂಮಿಗೆ ಬಂದು ಮನೆ ಬಾಗಿಲಲ್ಲಿ ಚಪ್ಪಲಿ ಜೋಡಿಸೋ ಹಾಗೆ ಜೋಡಿಸೋರನ್ನ ನಾನಂತೂ ಎಲ್ಲೂ...

ಯಾಕೆ ನಗ್ತಿದ್ದೀರ? ಭಾವ, ಅಲುಗಾಡಬೇಡಿ, ಡ್ರಿಲ್ ಇದೆ! ಚಪ್ಪಲಿ ಅಂದಿದ್ದಕ್ಕಾ? ಬಾಯಿಗೆ ಬಂತು ಅಂದೆ. ಅಕ್ಕ ಚಪ್ಪಲಿ ಜೋಡಿಸ್ತಾಳೆ, ನಿಜ. ಪುಸ್ತಕ ಜೋಡಿಸ್ತಾಳೆ, ಚಮಚ ಜೋಡಿಸ್ತಾಳೆ, ಬಸ್ ಸ್ಟಾಪಲ್ಲಿ ನಿಂತವರನ್ನೂ ಬಿಟ್ರೆ ಎತ್ತರದ ಪ್ರಕಾರ ಜೋಡಿಸ್ತಾಳೆ. ಹಾಗಂತ ಜೋಡಿಸೋರೆಲ್ಲ ಅಕ್ಕ ಆಗ್ತಾರಾ? ಅವಳಿಗೂ ಈ ಆಟಕ್ಕೂ ಎಲ್ಲಿಂದ ಎಲ್ಲಿಗೆ! 'ಹುಳ ಹೊಡೆಯೋ ಹುಚ್ಚರು' ಅಂತ ನಮ್ಮಿಬ್ಬರನ್ನ ಬೈತಿದ್ದವಳು.

ಕಣ್ಣಲ್ಲಿ ನೀರು ಬರ್ತಿದೆ. ನೋವಾಗ್ತಿದೆಯಾ? ಕೈ ಎತ್ತಲಿಲ್ಲ ಮತ್ತೆ...

ಗೊತ್ತಾಗಿದೆ ನಿಮಗೆ. ಅಲ್ವಾ?

ಸರಿ ಬಿಡಿ! ಇನ್ನು ನಿಮ್ಮ ಕಿವಿ ಮೇಲೆ ಹೂವಿಟ್ಟು ಏನು ಪ್ರಯೋಜನ. ಅಕ್ಕನೇ ಗುಂಡುಸೂಜಿ. ಮೇಲಿರೋದು ಬೆಕ್ಕಲ್ಲ. ಒಂದು ಸಂಜೆ ನನ್ನ ಹೆಡ್‌ಸೆಟ್ ಸುಮ್ಮನೆ ಕಿವಿಗಿಟ್ಟುಕೊಂಡಳು, ನೀವು ಮಾತಾಡ್ತಿದ್ರಿ. 'ಕೋಣೆ ಬಾಗಿಲು ಹಾಕ್ಕೊಂಡು ಇವರು ಇಷ್ಟು ಮಾತಾಡ್ತಾರಾ?' ಅಂದಳು. 'ಗಂಡನ ಮಾತು ಕೇಳೋಕೆ ಅಪರಿಚಿತಳಾಗಬೇಕು ಅಂದ್ರೆ ಆಗ್ತೀನಿ, ನನಗೂ ಕಲಿಸು' ಅಂದಳು. ನನ್ನ ಹಳೇ ಲ್ಯಾಪ್‌ಟಾಪ್ ಕೊಟ್ಟು ಪಕ್ಕದ ಕೋಣೆಯಲ್ಲಿ ಕೂರಿಸಿದೆ. ಹೇಳಬೇಡ ಅಂತ ಮಾತು ತಗೊಂಡಿದ್ದಳು, ನಾನು ಹೇಳಲಿಲ್ಲ. ಅದರಲ್ಲಿ ನನ್ನ ತಪ್ಪೇನು? ನನ್ನದು ಏನೂ ಇಲ್ಲ ಇದರಲ್ಲಿ. ನಾನು ಬರೀ ಮಧ್ಯದವಳು.

ಫಿಲ್ಲಿಂಗ್ ಆಯ್ತು. ಹತ್ತಿ ತೆಗೀತೀನಿ. ನೀರು ತಗೊಂಡು ಮುಕ್ಕಳಿಸಿ, ಇಲ್ಲಿ ಉಗೀರಿ. ತುಟಿ ಕಚ್ಕೋಬೇಡಿ, ಇನ್ನೂ ಜೋಮಿದೆ. ಹಾಂ. ಈಗ ಮಾತಾಡಬಹುದು.

ಮಾತಾಡಿ.

ಏನೂ ಇಲ್ವಾ? ಅಕ್ಕ ಹೇಗಿದ್ದಾಳೆ, ಯಾವಾಗ ಬರ್ತಾಳೆ, ಮೇಲೆ ಹೋಗಬಹುದಾ... ಏನೂ ಕೇಳಲ್ವಾ? ದಿನಾ ಬೆಳಿಗ್ಗೆ ಫೋನ್ ಮಾಡಿ ಕೇಳ್ತಿದ್ದವರು ನೀವು. ಬ್ರಶ್ ಮಾಡೋಕೂ ಬಿಡ್ತಿರ್ಲಿಲ್ಲ. 'ನಿಮ್ಮಕ್ಕ ಬಂದ್ಲಾ? ಏನಾದ್ರೂ ಸುದ್ದಿ ಬಂತಾ?' ಅಂತ. ಈಗ... ಹೌದಲ್ಲ, ಈಗ ಕೆಲವು ದಿನದಿಂದ ಫೋನೇ ಬರ್ತಿಲ್ಲ. ಬೇಸರ ಬಂದು ಬಿಟ್ಟುಬಿಟ್ರೇನೋ ಅಂದ್ಕೊಂಡೆ.

ಯಾವತ್ತಿನಿಂದ ಬಿಟ್ರಿ ಭಾವ?

ತಡೀರಿ. ಆ ಹಿಮದ ಗ್ರಹದಲ್ಲಿ ಆಡಿದ ದಿನ... ಪೇಶೆಂಟ್ ಒಬ್ಬರ ಫೋನ್ ಬಂತು ಅಂತ ನಾನು ಮಧ್ಯದಲ್ಲಿ ಎದ್ದು ಹೋಗಿದ್ದೆ. ವಾಪಸ್ ಬಂದು ನೋಡಿದ್ರೆ ನೀವಿಬ್ಬರೂ ಒಂದು ಹುಳನೂ ಹೊಡೀದೆ ಎದುರೆದುರು ಸುಮ್ಮನೆ ನಿಂತಿದ್ರಿ. ನೆಟ್ ಹೋಗಿದೆ ಅಂದ್ಕೊಂಡು ನಾನು ನಕ್ಕಿದ್ದೆ. ಅವತ್ತೇನು ಹೇಳಿದ್ರಿ ಅವಳಿಗೆ? ಅವಳೇ ಅಂತ ಗೊತ್ತಾಗಿಯೇ ಹೇಳಿದ್ರಾ? ದಿನಾ ಫೋನ್ ಮಾಡ್ತಿದ್ದೀನಿ ಅಂತ... ನಿನ್ನ ತಂಗಿ ಇಲ್ಲ ಅಂತಾಳೆ ಅಂತ...

ತಲೆ ಆಡಿಸ್ಬೇಡಿ! ಬಾಯಿ ಬಿಟ್ಟು ಹೇಳಿ!

ಹೇಳಿದ್ರಿ.

ಹಾಗಾದ್ರೆ ಅವಳಿಗೆ ಗೊತ್ತು. ನಾನು ಅವಳಿಗೆ ಹೇಳಿದ್ದು ಬೇರೆ. 'ಒಂದು ದಿನಕ್ಕೂ ಫೋನ್ ಮಾಡಿಲ್ಲ ಕಣೇ ಆ ಮನುಷ್ಯ, ನೀನು ಹೋಗಿದ್ದೇ ಅವರಿಗೆ ಗೊತ್ತಾಗಿಲ್ಲವೇನೋ' ಅಂತ ಉಪ್ಪು ಖಾರ ಹಚ್ಚಿ ಹೇಳಿದ್ದೆ. ಒಂದು ಸಲ ಅಲ್ಲ, ದಿನಾ ಹೇಳಿದೆ. ಅವಳು ಅತ್ತಳು. ನಾನು ತಲೆ ಸವರಿದೆ.

ಹಾಗೆ ನೋಡಬೇಡಿ ಭಾವ. ನಿಮಗೆ ಮೌನ ಅಂದ್ರೆ ಅಭ್ಯಾಸ. ನನಗೆ ಈ ಮನೆಯಲ್ಲಿ ಅದರ ಜೊತೆಗೇ ಸಂಸಾರ. ಹಗಲೆಲ್ಲ ಬಾಯಿ ತೆಗೆದೂ ಮಾತಾಡೋಕಾಗದ ಜನರ ಹತ್ತಿರ ನಾನೊಬ್ಬಳೇ ಮಾತಾಡಿ, ಮೇಲೆ ಹೋಗಿ ಬೀಗ ತೆಗೆದ್ರೆ... ಅವಳು ಬಂದ ಮೇಲೆ ಬೀಗ ತೆಗೆಯೋ ಕೆಲಸ ಇರ್ಲಿಲ್ಲ. ಬಾಗಿಲು ಬಡೀತಿದ್ದೆ, ಒಳಗಿಂದ ಯಾರೋ ಬರ್ತಿದ್ದರು. ಅಷ್ಟೇ. ಇನ್ನೊಂದು ವಾರ ಇರಲಿ ಅಂತ ಆಸೆ. ಆಮೇಲೆ ಇನ್ನೊಂದು ವಾರ.

ಗೊತ್ತಾದ ಮೇಲೂ ಒಂದು ಮಾತು ಕೇಳಲಿಲ್ಲ ಅವಳು. ಬೈಯಲಿಲ್ಲ. ಮಾರನೇ ದಿನ ನನ್ನ ಬಿಳಿ ಕೋಟು ಇಸ್ತ್ರಿ ಮಾಡಿ ಇಟ್ಟಿದ್ದಳು.

ಮತ್ತೆ ಯಾಕೆ ಹೋಗಲಿಲ್ಲ? ನೀವು ಕರೀಲಿಲ್ವಾ?

ಕರೆದ್ರಿ... ನಿನ್ನೆ! ನಿನ್ನೆ ಆಟದ ಕೊನೆಯಲ್ಲಿ. ಕೆಲಸ ಮುಗಿದು ನಮ್ಮನ್ನ ವಾಪಸ್ ಕರ್ಕೊಂಡು ಹೋಗೋ ಹಡಗು ಬಂದು ನಿಂತಿತ್ತು, ನೀವು ಹತ್ತಿದ್ರಿ. ನಾನು ದೂರದಲ್ಲಿ ಒಂದು ದಿಬ್ಬದ ಕೆಳಗೆ ಗುಂಡೇಟು ತಿಂದು ಬಿದ್ದಿದ್ದೆ. 'ಬಾ, ಹೋಗೋಣ, ಮನೆಗೆ ಹೋಗೋಣ' ಅಂದ್ರಿ. ಅಷ್ಟು ಮೆತ್ತಗೆ ಅಂದ್ರಿ. ಗುಂಡುಸೂಜಿ ಹಡಗಿನ ಬಾಗಿಲ ತನಕ ಹೋಯ್ತು. ಆಮೇಲೆ ತಿರುಗಿ ನನ್ನ ಕಡೆ ಓಡಿ ಬಂತು. ಪಕ್ಕದಲ್ಲಿ ಮಂಡಿಯೂರಿ ಕೂತ್ಕೊಂಡ್ಳು ಭಾವ... ಹಡಗು ಹೊರಟುಹೋಯ್ತು. 'ದಡ್ಡ ಶಿಖಾಮಣಿ, ಹತ್ತೋದು ಬಿಟ್ಟು ಇಲ್ಲೇನು ಕೆಲಸ' ಅಂತ ನಾನು ಬೈದೆ. ನಿಮ್ಮಿಬ್ಬರಿಗೂ ಕೇಳಿಸೋ ಹಾಗೆ ಬೈದೆ!

ನನಗೋಸ್ಕರ ಉಳಿದಳಾ? ಇಷ್ಟೆಲ್ಲ ಗೊತ್ತಿದ್ದೂ?

ನೀವೂ ಅದನ್ನ ಒಪ್ಪಿಕೊಂಡು, ಬರೀ ಹಲ್ಲು ತೋರಿಸೋಕೆ ಬಂದು ಕೂತಿದ್ದೀರಾ?

ಏಳಬೇಡಿ. ಇಲ್ಲ, ಏಳಿ. ಏಳಿ ಭಾವ. ಈ ಕಡೆ ಮೆಟ್ಟಿಲು... ನನಗೂ ಬನ್ನಿ ಅಂತ ಕೈ ಮಾಡ್ತಿದ್ದೀರಾ? ನಾನು ಬರಲ್ಲ. ನೀವೇ ಹೋಗಿ ಕರ್ಕೊಂಡು ಹೋಗಿ. ಏನಂತ ಮುಖ ತೋರಿಸಲಿ ನಾನು ಅವಳಿಗೆ? ಹೇಳಿಕೊಡಿ, ಏನಂತ ಶುರು ಮಾಡಲಿ? ಮಾತಾಡೋದೇ ನನ್ನ ಕಸುಬು, ಇವತ್ತು ಒಂದು ಮಾತೂ ಹೊಳೀತಿಲ್ಲ... ಭಾವ, ಬಾಗಿಲು ಹಿಡ್ಕೊಂಡು ನಿಂತ್ರೆ ಹೇಗೆ?

ಬಂದೆ, ತಡೀರಿ. ಕೈ ತೊಳ್ಕೊಂಡು ಬಂದೆ.