ಅಮ್ಮನ ಮಂಡಿನೋವಿನ ನೆಪ

ಕಣ್ಣಿನ ಆಸ್ಪತ್ರೆಯಲ್ಲಿ ನನ್ನ ಪಕ್ಕದ ಬೆಂಚಿನ ಮೇಲೆ ಗಂಡ ಹೆಂಡತಿ ಕೂತು, ಬೆಟ್ಟದ ಬುಡದಲ್ಲೊಂದು, ಮೇಲೊಂದು ಇರುವ ಎರಡು ಟೆಂಟ್ ಕ್ಯಾಂಪುಗಳ ಚಿತ್ರಗಳನ್ನು ಫೋನಿನಲ್ಲಿ ನೋಡುತ್ತಿದ್ದರು. ಅವನ ತಾಯಿ ಒಳಗೆ ಡಾಕ್ಟರ ಬಳಿ ಇದ್ದರು.

“ಕೆಳಗಿನ ಜಾಗಾನೇ ಬುಕ್ ಮಾಡೋಣ. ಕಾರು ಟೆಂಟಿನ ತನಕ ಹೋಗುತ್ತೆ,” ಎಂದ ಗಂಡ.

“ಮಕ್ಕಳಿಗೆ ಮೇಲಿನದು ಬೇಕಂತೆ. ಅಲ್ಲಿ ಹೊಳೆ ಇದೆ.”

“ಅಷ್ಟು ದೂರ ಹತ್ತಬೇಕು ಕಣೆ. ಅಮ್ಮನ ಮಂಡಿ ಗತಿ ಏನು?”

“ಅತ್ತೆ ದಿನಾ ಮಹಡಿ ಹತ್ತಿ ಬಟ್ಟೆ ಒಣಹಾಕ್ತಾರೆ. ಏದುಸಿರು ಬಿಡೋರು ನೀವು.”

“ಮೆಲ್ಲಗೆ ಹೇಳೆ! ನಾನು ಪಿ.ಟಿ. ಮೇಷ್ಟ್ರು.”

“ಮಕ್ಕಳಿಗೆ ನಿಜ ಹೇಳಿಬಿಡಿ.”

“ಏನಂತ? ಊರ ಮಕ್ಕಳನ್ನೆಲ್ಲ ಓಡಿಸಿ, ನಾನು ಕುರ್ಚೀಲಿ ಕೂತು ಸೀಟಿ ಊದಿದೆ ಅಂತಲಾ? ನನ್ನ ಮೈಯಲ್ಲಿ ವ್ಯಾಯಾಮ ಆಗಿರೋದು ಕೆನ್ನೆಗೆ ಮಾತ್ರ. ಆದ್ರೆ ನಮ್ಮ ಮಕ್ಕಳ ಕಣ್ಣಿಗೆ ನಾನಿನ್ನೂ ಪೈಲ್ವಾನ್ ಕಣೆ.”

ಅಷ್ಟರಲ್ಲಿ ತಾಯಿ ಕರಿ ಕನ್ನಡಕ ಹಾಕಿಕೊಂಡು ಹೊರಬಂದರು. ಬಾಗಿಲು ತೆರೆದೇ ಇತ್ತು, ಎಲ್ಲವೂ ಕೇಳಿಸಿರಬೇಕು.

“ಕೆಳಗಿನದೇ ಮಾಡಮ್ಮ,” ಎಂದರು ಸೊಸೆಗೆ. “ಅಜ್ಜಿಗೆ ಮಂಡಿನೋವು ಅಂತ ಮಕ್ಕಳಿಗೆ ಹೇಳು.”

ಮಗ ತಲೆ ತಗ್ಗಿಸಿ ನಕ್ಕ. “ಟೆಂಟಾದ್ರೂ ನಾನೇ ಕಟ್ತೀನಮ್ಮ.”

“ಬೇಡಪ್ಪಾ. ಅದರೊಳಗೆ ನಾನು ಮಲಗಬೇಕು,” ಎನ್ನುತ್ತ ಅವರು ಮಗನ ಕೈಹಿಡಿದು ಹೊರಟರು.