ಕೌದಿ ಮೂಲ್ಯಾಗಿನ ತಾಯ್ತ

ಇಲ್ಲ, ನೀ ಮೊದಲ ಆ ನಗೂದು ಬಿಡು ಪ್ರಭಾವತಿ. ನಗೂವಂಥಾದ್ದೇನೈತಿ ಇದರಾಗ? ತಾಯ್ತ ಇದು, ತಾಯ್ತ. ನನ್ನ ಮನ್ಯಾಗ. ನನ್ನ ಮಗಳು ಹೊಚಗೊಳ್ಳೂ ಕೌದ್ಯಾಗ. ಬಿಸಲಿಗೆ ಹಾಕಾಕಂತ ಒಯ್ದಿ, ಮೂಲ್ಯಾಗ ಏನೋ ಗಟ್ಟಿ ಹತ್ತಿತು, ಹೊಲಗಿ ಬಿಚ್ಚಿ ನೋಡಿದ್ರ ಹಳದಿ ಅರಿವ್ಯಾಗ ಸುತ್ತಿದ ಕಾಗದ, ಅದರ ಮ್ಯಾಲೆ ಕಮಲದ ಯಂತ್ರ. ಸರಿ. ಅದನ್ನ ತಂದು ನನ್ನ ಮುಂದ ಇಟ್ಟು ಮುಸಿಮುಸಿ ನಗತೀಯಲ್ಲ, ನಾ ಏನಂತ ತಿಳೀಲಿ?

ಮೆಲ್ಲಕೇ ಮಾತಾಡಾಕತ್ತೇನಿ. ಇದಕಿಂತ ಮೆಲ್ಲಕ ಆಗೂದಿಲ್ಲ ನನಗ. ಸಾಲ್ಯಾಗ ಹುಡುಗೂರಿಗೆ ಚಿತ್ರಾ ಕಲಿಸಿ ಕಲಿಸಿ ಒಡದ ಗಂಟಲ ಇದು... ಕರುಣಾ ಒಳಗ ಮಲಗ್ಯಾಳ, ಗೊತ್ತೈತಿ. ದಿನಾ ತುಂಬಾಕ ಬಂದಾವ, ಬಾಣಂತನಕ್ಕಂತ ತವರಿಗೆ ಬಂದಾಳ, ಅದೂ ಗೊತ್ತೈತಿ. ಅದಕ್ಕ ಹೇಳಾಕತ್ತೇನಿ. ಅಕಿ ಎದ್ದು ಬಂದು ಇದನ್ನ ನೋಡಿದ್ಲಂದ್ರ? ಕಾಲೇಜಿನ್ಯಾಗ ವಿಜ್ಞಾನ ಹೇಳಾಕಿ. "ಅಪ್ಪಾ, ನಮ್ಮ ಮನ್ಯಾಗೂ ಇದು ಬಂತೇನು" ಅಂದ್ಲಂದ್ರ ನಾ ಎಲ್ಲಿ ಮಾರಿ ಇಟಗೊಳ್ಳಿ?

ಯಾರು ಇಟ್ಟಾರ ಇದನ್ನ, ಹೇಳು. ನೀ ಹೇಳದಿದ್ರ ನಾ ಹೇಳತೇನಿ. ಕೌದಿ ಎಲ್ಲಿಂದ ಬಂತು? ಅಮ್ಮಿನಬಾವಿಯಿಂದ. ಹೊಲದು ಕಳಿಸಿದವರು ಯಾರು? ನಿಮ್ಮವ್ವ ಸತ್ಯವ್ವ. ಮುಗೀತಲ್ಲ. ಇನ್ನೇನು ಸಾಕ್ಷಿ ಬೇಕು?

ಹೌದು, ಮುದುಕಿಗೆ ಕಣ್ಣು ಕಾಣಸೂದಿಲ್ಲ. ಒಪ್ಪಿದೆ. ಸೂಜ್ಯಾಗ ದಾರಾ ಪೋಣಸಾಕ ಓಣ್ಯಾಗಿನ ಮಂದೀನ್ನ ಕರೀತಾಳ. ಹಂಗ ಇದಕ್ಕೂ ಯಾರನ್ನೋ ಕರದಿರಬೇಕು. ಹೊಲಗಿ ಡೊಂಕ ಐತಿ ಅಂತೀಯೇನು? ನಿಮ್ಮವ್ವನ ಹೊಲಗಿ ಡೊಂಕ ಇರೂದಿಲ್ಲ ಅಂತೀಯೇನು? ವಯಸ್ಸಾಗೇತಿ, ಕೈ ಆ ಕಡೆ ಈ ಕಡೆ ಹೋಗತಾವ. ಅದಕ್ಕೇನು ಹಂಗ ನೋಡತಿ?

ಗ್ವಾಡಿ ಮ್ಯಾಲೆ ನೋಡು. ಬುದ್ಧ ಅದಾನ. ಬಾಜೂಕ ಬಾಬಾಸಾಹೇಬರು. ಎರಡೂ ನನ್ನ ಕೈಲೇ ಬರದದ್ದು. ನಮ್ಮ ಮುತ್ಯಾನ್ನ ಪೂಜಾರಿಗೋಳು ಗುಡಿ ಹೊರಗ ನಿಂದರಿಸಿ ಒಳ್ಳೆ ಗಳಿಗಿ, ಕೆಟ್ಟ ಗಳಿಗಿ ಅಂತ ಹೇಳಿ ಕಳಸತಿದ್ರು. ಒಳಗ ಬಿಡೂದಿಲ್ಲ, ಆದ್ರ ಇಂವನ ಗ್ರಹಚಾರ ಮಾತ್ರ ಅವರ ಕೈಯಾಗ. ಅದೆಲ್ಲಾ ಒಲ್ಲೆ ಅಂತ ಬಿಟ್ಟು ಬಂದವರು ನಾವು. ಪುಕ್ಕಟ ಬಿಟ್ಟಿಲ್ಲ. ನಮ್ಮಪ್ಪ ತನ್ನ ಅಣ್ಣತಮ್ಮರನ್ನ ಕಳಕೊಂಡ. ಈಗ ಉಣಕಲ್ಲಿನ ಈ ಮನ್ಯಾಗ ಅದ... ಛೀ.

ಕರುಣಾನ ಮದಿವಿ ಬೇಕಂತಲೇ ರಾಹುಕಾಲದಾಗ ಮಾಡಿದವ ನಾ. ಹೌದಲ್ಲ? ಅಳಿಯಾ ಉದಯಕುಮಾರ ಬಂದು ನನ್ನ ಕೈ ಹಿಡದು "ಛಲೋ ಮಾಡಿದ್ರಿ ಮಾವಾ" ಅಂದ. ಇಡೀ ಸಭಾ ಚಪ್ಪಾಳಿ ಹೊಡೀತು. ಮುಂದ ಅಕಿದು ಒಂದಲ್ಲ, ಎರಡು ಸರ್ತಿ ಕೂಸು ಹೊಟ್ಟ್ಯಾಗ ನಿಲ್ಲದ ಹೋದಾಗ ಅದೇ ಮಂದಿ ಏನಂದ್ರು? ದವಾಖಾನಿ ಬಾಗಲದಾಗ, ನನ್ನ ಕಿವಿಗೆ ಬೀಳೂವಂಗ. ಮಾಸ್ತರ ತನ್ನ ಹಟಕ್ಕ ಮಗಳ ಉಡಿ ಬರಿದ ಮಾಡಿದ ಅಂದ್ರು. ನಾ ಅಲ್ಲೇ ಛತ್ರಿ ಹಿಡಕೊಂಡು ನಿಂತಿದ್ದೆ.

ಅದಿರಲಿ. ಆ ಮಾತ ಯಾಕ ಈಗ.

ಕೊಡು ಇಲ್ಲಿ, ಕಾಗದ ಕೊಡು. ಇದೇನು ಸುಮ್ನ ಗೀಚಿದ್ದು ಅಂತ ತಿಳದೀಯೇನು? ಗುರುವಾರ ಪುಷ್ಯ ನಕ್ಷತ್ರ ಕೂಡಬೇಕು ಇದಕ್ಕ. ದಿನಾ ಕೂಡೂದಿಲ್ಲ ಅದು. ಅವತ್ತು ಹೊತ್ತು ಮೂಡಿದ ಕೂಡ್ಲೆ ಗುರುವಿನ ಹೋರಾ ಶುರುವಾಗತೈತಿ, ಒಂದ ತಾಸಿನ ಗಳಿಗಿ. ಆ ಹೋರಾದೊಳಗ ಕುಂತು, ಆ ಹೋರಾದೊಳಗ ಮುಗಿಸಿ ಏಳಬೇಕು. ಒಂದ ಗೆರಿ ಉಳೀತಂದ್ರ ಎಲ್ಲಾ ಹರದು ಒಗೀಬೇಕು. ಕೇಸರಿ, ಅರಿಷಿಣ ತೇದ ನೀರು. ದಾಳಿಂಬ್ರಿ ಕಡ್ಡಿ. ಮಾರಿ ಮೂಡಣ ದಿಕ್ಕಿಗೆ. ಬಾಯಿ ಬಿಡಬಾರದು. ಯಾರು ಕರದ್ರೂ ಓ ಅನ್ನಬಾರದು. ಇಷ್ಟೆಲ್ಲಾ ಸೋಗು, ಒಂದು ಕಮಲ ಬರಿಯಾಕ...

ನನಗ ಹೆಂಗ ಗೊತ್ತು? ಭಾಷಣಕ್ಕಂತ ಓದೇನಿ. ಧಾರವಾಡದಾಗ ಇದರ ಮ್ಯಾಲೆ ಮಾತಾಡಿಲ್ಲೇನು ನಾ? ತಿಳಕೊಳ್ಳದ ಬೈಯೂದು ನನ್ನ ಪದ್ಧತಿ ಅಲ್ಲ.

ಯಾರಿಗೆ ಫೋನ್ ಹಚ್ಚಾಕತ್ತಿ? ನಿಮ್ಮವ್ವಗೇನು? ಹಚ್ಚು, ಹಚ್ಚು. ಕೇಳೇಬಿಡೂಣು. ಮಾಸ್ತರ ಮನ್ಯಾಗ ಇಂಥಾದ್ದು ಇಡಾಕ ನಿಮಗ ಹೆಂಗ ಧೈರ್ಯ ಬಂತು ಅಂತ... ತಡಿ. ಬ್ಯಾಡ. ಇಡು ಫೋನು. ಇಡು ಅಂದ್ನೆಲ್ಲ. ಈ ವಯಸ್ಸಿನ್ಯಾಗ ಮುದುಕಿ ಅತ್ತಾಳು. ಏನೂ ಅರಿಯದಾಕಿ... ಅಂದ್ರ, ಅಕಿಗೆ ಇದರ ಒಳಹೊರಗ ತಿಳಿಯೂದಿಲ್ಲ ಅಂದೆ. ಯಾರೋ ಹೇಳಿ ಮಾಡಿಸಿರತಾರ. ನಾಳೆ ನೋಡಿದ್ರಾತು.

ಏನದು, ಗೆರಿ ಮ್ಯಾಲೆ ಬಟ್ಟು ಆಡಸಾಕತ್ತಿ? ನಡಗ್ಯಾವ ಅಂತೇನು? ಎಲ್ಲಿ ನಡಗ್ಯಾವ? ತೋರಸು. ಎಸಳ ನೋಡು, ಎಲ್ಲಾ ಒಂದ ಅಳತಿ. ಕೂದಲೆಳಿ ಹೆಚ್ಚುಕಡಿಮಿ ಇಲ್ಲ. ದಾಳಿಂಬ್ರಿ ಕಡ್ಡೀಲೆ ಇಷ್ಟು ಸಣ್ಣ ಗೆರಿ ಎಳಿಯೂದಂದ್ರ ಏನಂತ ತಿಳದಿ? ಕೇಸರಿ ನೀರು ಕಾಗದದಾಗ ಹರಡತೈತಿ. ಉಸರ ಬಿಗಿಹಿಡದು ಎಳೀಬೇಕು... ಬರದಾವಗ ಕೈ ಕೂತೈತಿ ಅಂದೆ, ಅಷ್ಟ. ಕೆಲಸ ಕೆಟ್ಟದ್ದು, ಕೈ ಛಲೋ ಐತಿ. ಹಂಗ ಅನ್ನೂದರಾಗ ತಪ್ಪೇನು?

ಮತ್ತ ನಕ್ಕಿ ನೋಡು.

ನಡುವ ಯಾಕ ಬಟ್ಟು ಇಟ್ಟಿ? ಏನೈತಿ ಅಲ್ಲಿ? ತೂತು. ಹೌದು, ತೂತು... ಕೈವಾರದ ಮುಳ್ಳು ಚುಚ್ಚಿದ ತೂತು. ಸುತ್ತ ಪೆನ್ಸಿಲ್ಲಿನ ಗೆರಿ ಎಳದು ರಬ್ಬರಲೆ ಅಳಿಸಿದ್ದು. ಐತಿ, ಕಾಣಸತೈತಿ ನನಗೂ. ಅದಕ್ಕೇನೀಗ? ತಾಯ್ತ ಬರಿಯಾವ ಮೊದಲ ಪೆನ್ಸಿಲಿನ್ಯಾಗ ಹಾಕಬಾರದಂತ ಎಲ್ಲೈತಿ? ಅಳತಿ ತಪ್ಪಬಾರದಂತ ಹಾಕಿರಬೇಕು. ಕಾಗದ ಡ್ರಾಯಿಂಗ್ ಹಾಳಿ ಇದ್ರ ಏನಾತು? ಅಂಗಡ್ಯಾಗ ಯಾರಿಗಾದ್ರೂ ಸಿಗತೈತಿ.

ಮಾಳಗಿ ಕಡೆ ಯಾಕ ನೋಡತಿ?

ಗುರುವಾರ ಮುಂಜಾನೆ ಮ್ಯಾಲಿದ್ದೆ, ಹೌದು. ಚಿತ್ರಾ ಬರ್ಯಾಕತ್ತಿದ್ದೆ. ಮುಂಜಾನೆ ಬೆಳಕು ಛಲೋ ಇರತೈತಿ. ನೀ ಚಹಾ ತಂದಿ, ಬಾಗಲದಾಗ ನಿಂತು ಕರದಿ. ನಾ ಓ ಅನ್ನಲಿಲ್ಲ... ಕೇಳಸಲಿಲ್ಲ ನನಗ. ಕಿವಿ ಮಂದ ಆಗ್ಯಾವ. ಚಹಾ ಅಲ್ಲೇ ಆರಿತು, ಅದೂ ಖರೆ.

ಏನರ ಅನ್ನು ಪ್ರಭಾ. ಇಷ್ಟೊತ್ತು ನಾನಾ ಒದರಾಕತ್ತೇನಿ. ಬೈಯೂದಿದ್ರ ಬೈ. ನಗೂದಿದ್ರ ನಗು, ಈಗ ಯಾಕ ನಗೂದು ಬಿಟ್ಟಿ? ಕಣ್ಣಾಗ ನೀರ ಯಾಕ? ಹಂಗ ನೋಡಬ್ಯಾಡ ನನ್ನ. ಕೈ ಬಿಡು, ಕೈ ಬಿಡಂದೆ... ಅರಿಷಿಣ ಹೋಗೂದಿಲ್ಲ ಉಗರಾಗಿಂದು. ನಾ ಏನು ತಿಕ್ಕಿ ನೋಡಿಲ್ಲೇನು?

ನಾ ನಂಬೂದಿಲ್ಲ. ಕೇಳು, ಇವತ್ತೂ ನಂಬೂದಿಲ್ಲ. ಎಲ್ಲಿ ನಿಂತು ಕೇಳಿದ್ರೂ ಇದನ್ನ ಹೇಳತೇನಿ. ಆದ್ರ ಹಿಂದಿನ ಸರ್ತಿ ದವಾಖಾನ್ಯಾಗ ಅಕಿ ನನ್ನ ಮಾರಿ ನೋಡಿದ್ಲು. ಬರೇ ನೋಡಿದ್ಲು. ಮತ್ತೊಮ್ಮೆ ಹಂಗ ನೋಡಿದ್ರ ನನ್ನ ಕಡಿಂದ ಆಗೂದಿಲ್ಲ ಪ್ರಭಾ. ಸಿಟ್ಟು ಬರತೈತಿ ನನಗ, ನನ್ನ ಮ್ಯಾಲೆ.

ಎಲ್ಲಿಗೆ ಎದ್ದಿ? ಹರದು ಒಗೀತೀಯೇನು? ಒಗಿ. ನನ್ನ ಕೈಲೆ ಆಗೂದಿಲ್ಲ, ನೀನಾ ಒಗಿ. ಅಕಿಗೆ ಮಾತ್ರ ಹೇಳಬ್ಯಾಡ.

...ಸೂಜಿ ಯಾಕ ತಂದಿ?

ಕೌದಿ ಯಾಕ ತೊಡಿ ಮ್ಯಾಲೆ ಹಾಕ್ಕೊಂಡಿ? ಪ್ರಭಾ. ಏನರ ಅನ್ನು...

ತಡಿ. ತಡಿ ಸ್ವಲ್ಪ, ಸೂಜಿ ಚುಚ್ಚಬ್ಯಾಡ. ಇವತ್ತು ಐತವಾರ. ಗಡಿಯಾರ ನೋಡು. ರಾಹುಕಾಲ ನಡದೈತಿ. ಅದು ಮುಗೀಲಿ, ಆಮ್ಯಾಲೆ ಹೊಲಿ.