ಅನಾನಿ ಹೊಳೆಯ ಬಿಳಿ ಬಟ್ಟೆ

ನಮ್ಮ ಬೆಲೆಂ ಪಟ್ಟಣದಲ್ಲಿ ನಾವು ಗಡಿಯಾರ ನೋಡಿ ಮಾತು ಕೊಡುವವರಲ್ಲ. ಮಳೆಗೆ ಮುಂಚೆ ಬಾ, ಇಲ್ಲವೇ ಮಳೆ ನಿಂತ ಮೇಲೆ ಬಾ ಎನ್ನುತ್ತೇವೆ. ಆ ದಿನ ನಾವೆಲ್ಲ ಮಳೆ ನಿಂತ ಮೇಲೆ ಮನೆಗೆ ಹೊರಡುವವರಿದ್ದೆವು. ಮಳೆ ನಿಲ್ಲಲಿಲ್ಲ. ನಾವು ಕೆಲಸ ಮಾಡುವ ವಿಮಾನದ ಶೆಡ್ಡಿನ ತಗಡಿನ ಮೇಲೆ ಅದು ಎಷ್ಟು ಜೋರಾಗಿ ಹೊಡೆಯುತ್ತಿತ್ತೆಂದರೆ ಪಕ್ಕದವರ ಮಾತಿಗೂ ಕಿವಿ ಹತ್ತಿರ ಒಯ್ಯಬೇಕಿತ್ತು.

ಶೆಡ್ಡಿನ ನಡುವೆ ನಮ್ಮ ಕಟಲೀನಾ ನಿಂತಿತ್ತು. ಒಂದು ಕಾಲಕ್ಕೆ ವಾಯುಪಡೆಯವರು ಕಾಡಿನ ಹೊಳೆಗಳ ಮೇಲೆ ಇಳಿಸುತ್ತಿದ್ದ, ದೋಣಿಯ ಹೊಟ್ಟೆಯ ಹಳೆಯ ವಿಮಾನ. ಹುಲ್ಲು ಬೆಳೆದ ಮೈದಾನದಲ್ಲಿ ದಿಕ್ಕಿಲ್ಲದೆ ಬಿದ್ದಿದ್ದ ಅದನ್ನು ನಾವು ಕೆಲವರು ವರ್ಷಗಟ್ಟಲೆ ದುಡಿದು ಮತ್ತೆ ಹಾರುವಂತೆ ಮಾಡಿದ್ದೆವು. ಜೂನ್‌ನಲ್ಲಿ ಒಮ್ಮೆ ಹಾರಿಯೂ ಬಂದಿತ್ತು. ಈಗ ಒಳಗೆ ಹೊಸ ಬಣ್ಣ ಬಳಿದು, ಒಣಗಲೆಂದು ವಾರದಿಂದ ಬೀಗ ಹಾಕಿದ್ದೆವು.

ಅಂದು ಸಂಜೆ ಜಗಳ ತೆಗೆದವಳು ರಾಯ್ಸಾ. ವಿಮಾನದ ಎರಡು ಬದಿಗೂ ಉಬ್ಬಿ ನಿಂತ ಗಾಜಿನ ಗುಮ್ಮಟಗಳನ್ನು ಒರೆಸಿ ಹೊಳೆಯುವಂತೆ ಇಡುವುದು ಆ ಹುಡುಗಿಯ ಕೆಲಸ. ಎಡಗಡೆಯ ಗಾಜಿನ ಮೇಲೆ ದಿನಾ ಯಾರೋ ಅಂಗೈ ಒತ್ತುತ್ತಾರೆ, ಇವತ್ತಿನದಂತೂ ಎಷ್ಟು ಉಜ್ಜಿದರೂ ಹೋಗಲಿಲ್ಲ, ಯಾರದು ಈ ಕೊಳಕು ಕೈ ಎಂದು ನಮ್ಮೆಲ್ಲರ ಕೈ ಹಿಡಿದು ನೋಡುತ್ತಿದ್ದಳು.

"ಅವರನ್ಯಾಕೆ ಬೈತೀಯ? ಬಾ, ಮೊದಲು ಇದು ಕುಡಿ," ಎಂದಳು ಡೋನಾ ಒರ್ಮೆಜಿಂಡಾ.

ಗೇಟಿನ ಬಳಿ ತಕಕಾ ಎಂಬ ಬಿಸಿ ಸಾರು ಮಾರುವ ಮುದುಕಿ ಅವಳು. ಜ್ವರ ಬಂದು ವಾರವಿಡೀ ಬಂದಿರಲಿಲ್ಲ. ಅಂದು ಮತ್ತೆ ಪಾತ್ರೆ ಹೊತ್ತು ಬಂದು, ಮಳೆಗೆ ಹೆದರಿ ಒಲೆಯನ್ನೇ ಶೆಡ್ಡಿನೊಳಗೆ ಹೂಡಿದ್ದಳು. ಸೋರೆಬುರುಡೆಯ ಬಟ್ಟಲುಗಳಲ್ಲಿ ಬಿಸಿ ಸಾರು, ಒಣ ಸೀಗಡಿ, ತುಟಿ ಜುಮ್ಮೆನಿಸುವ ಜಂಬು ಸೊಪ್ಪು. ನಾವು ಸುತ್ತ ಕೂತೆವು. ಜೂನ್‌ನಲ್ಲಿ ವಿಮಾನ ಹಾರಿಸಿದ ಕಮಾಂಡರ್ ಒಟಾಸಿಲಿಯೊ ಕೂಡ ಒಂದು ಡಬ್ಬಿ ಎಳೆದುಕೊಂಡು ಕೂತರು.

"ಎಲ್ಲರ ತುಟಿನೂ ಮರಗಟ್ಟಿತಾ? ಒಳ್ಳೇದಾಯ್ತು, ಇನ್ನು ಮಧ್ಯೆ ಬಾಯಿ ಹಾಕೋಕೆ ಆಗಲ್ಲ ನಿಮ್ಮ ಕೈಲಿ," ಎಂದು ಅವಳು ಸೌಟು ಕೆಳಗಿಟ್ಟಳು.

"ನಿನ್ನ ಹುಟ್ಟೂರು ಯಾವುದಜ್ಜಿ ಅಂತ ಕೇಳ್ತಿರ್ತೀರಲ್ಲ, ನಾನು ಮೇಲಕ್ಕೆ ಬೆರಳು ತೋರಿಸ್ತೀನಿ, ನೀವು ಮುದುಕಿಗೆ ಅರಳುಮರಳು ಅಂತ ನಗ್ತೀರಿ. ನಗ್ರಪ್ಪ. ನಾನು ಹುಟ್ಟಿದ್ದು ಈ ವಿಮಾನದ ಹೊಟ್ಟೇಲೇ, ಆ ಎಡಗಡೆ ಗಾಜಿನ ಕೆಳಗೆ ಒಂದು ಬೆಂಚಿದೆಯಲ್ಲ, ಅದರ ಮೇಲೆ... ಕೆಳಗೆ ನೋಡಿದ್ರೆ ಬರೀ ಕಾಡು.

"ನಮ್ಮಮ್ಮ ಡೊರಲಿಸ್, ನಮ್ಮಪ್ಪ ಜುವೆನಲ್. ಅನಾನಿ ಹೊಳೆ ದಂಡೇಲಿ ಕಂಬದ ಮೇಲೆ ಕಟ್ಟಿದ ನಾಲ್ಕಾರು ಮನೆ, ಅದೇ ಊರು. ತಿಂಗಳಿಗೊಂದು ಸಲ ಈ ಕಟಲೀನಾ ಬರೋದು, ಔಷಧಿ, ಸೀಮೆಎಣ್ಣೆ, ಕೆಲವು ಸಲ ಒಬ್ಬ ಪಾದ್ರೀನೂ ಹೊತ್ಕೊಂಡು. ಅದು ಬರೋ ದಿನ ಊರೋರಿಗೆ ಏನು ಕೆಲಸ ಗೊತ್ತಾ? ಹೊಳೆ ಗುಡಿಸೋದು. ಹ್ಞೂಂ, ನೀವು ಅಂಗಳ ಗುಡಿಸೋ ಹಾಗೇನೇ. ನೀರಲ್ಲಿ ದಿಮ್ಮಿಗಳು ತೇಲಿ ಬರ್ತವಲ್ಲ, ಒಂದು ತಗುಲಿದ್ರೂ ಸಾಕು, ವಿಮಾನದ ಹೊಟ್ಟೆ ಸೀಳಿಹೋಗುತ್ತೆ. ಅದಕ್ಕೆ ಗಂಡಸರು ಹೆಂಗಸರು ಎಲ್ಲ ದೋಣಿ ಇಳಿಸಿ ದಿಮ್ಮಿಗಳನ್ನ ದಡಕ್ಕೆ ಎಳೀಬೇಕು. ಗುಡಿಸಿದ ನೀರಿನ ಕೊನೇಲಿ ಒಬ್ಬ ದೋಣಿಯಲ್ಲಿ ನಿಂತು ಬಿಳಿ ಬಟ್ಟೆ ಬೀಸಬೇಕು... ಇಲ್ಲೀವರೆಗೆ ಇಳೀಬಹುದು, ಬನ್ನಿ ಅಂತ. ಈ ಗಾಜು ಸರಿಸಿದ್ರೆ ಅದೇ ಬಾಗಿಲು; ಬಟ್ಟೆ ಬೀಸಿದವನ ದೋಣೀನೇ ಮೊದಲು ಗಾಜಿನ ಹತ್ರ ಬರೋದು, ಮೊದಲು ಇಳಿಯೋರು ಅವನ ದೋಣಿಗೇ ಕಾಲಿಡಬೇಕು. ಅದು ಅವನಿಗೆ ಮರ್ಯಾದೆ. ಅನಾನಿಯಲ್ಲಿ ಆ ಮರ್ಯಾದೆ ನಮ್ಮಪ್ಪಂದು.

"ಅಮ್ಮನಿಗೆ ನೋವು ಶುರುವಾಗಿ ರಾತ್ರಿ ಕಳೀತು, ಹಗಲು ಕಳೀತು, ಮಗು ಬರ್ಲಿಲ್ಲ. ಸೂಲಗಿತ್ತಿ ಕೈ ಚೆಲ್ಲಿ ಕೂತಳು. ವಿಮಾನ ಬರೋ ದಿನ ಅದು, ಪುಣ್ಯ ಅಂತ ಎಲ್ಲ ಅಂದ್ಕೊಂಡರು. ಆದರೆ ಒಳಗೆ ಆಗಲೇ ಜ್ವರದವರು ಮಲಗಿದ್ದರು, ಇದ್ದ ಜಾಗ ಒಬ್ಬರಿಗೇ. ಅಪ್ಪ ಕೆಳಗೇ ಉಳಿದ. ಹತ್ತಿಸೋವಾಗ ಅಮ್ಮ ತನ್ನ ಗಂಟಿಂದ ಒಂದು ಬಿಳಿ ಬಟ್ಟೆ ತೆಗೆದು ಅವನ ಕೈಗಿಟ್ಟಳಂತೆ. ಮಗೂನ ಸುತ್ತೋಕೆ ಅಂತ ತಾನೇ ಹೊಲಿದಿದ್ದು, ಅಂಚಿಗೆ ಕೆಂಪು ದಾರ. ಏನಂದಳು ಗೊತ್ತಾ? 'ನಾವು ವಾಪಸ್ ಬರೋವಾಗ ಇದನ್ನೇ ಬೀಸು. ಮೇಲಿಂದ ನಿನ್ನ ಗುರುತು ಹಿಡೀತೀನಿ.'"

ಅವಳು ಒಲೆಯ ಉರಿ ಸ್ವಲ್ಪ ತಗ್ಗಿಸಿದಳು.

"ವಾಪಸ್ ಬರ್ಲಿಲ್ಲ. ನಾನು ಬಂದೆ, ಅವಳು ಹೋದಳು. ಬೆಲೆಂ ಕಾಣೋಕೆ ಮುಂಚೆನೇ, ಆಕಾಶದಲ್ಲೇ. ನನ್ನನ್ನ ಕೈಗೆ ತಗೊಂಡೋನು ವಿಮಾನದ ಮೆಕ್ಯಾನಿಕ್, ಅಡೆರ್ಬಾಲ್ ಅಂತ. ರಿವೆಟ್ ಕಿತ್ತುಹೋದ ತೂತಿಗೆಲ್ಲ ಮರದ ಅಂಟು ಮೆತ್ತಿದ ಕೈ, ಅದೇ ಕೈಯಲ್ಲಿ ನನ್ನ ಹೊಕ್ಕುಳಬಳ್ಳಿ ಕತ್ತರಿಸಿದ. ಅವನಿಗೂ ಅವನ ಹೆಂಡತಿಗೂ ಮಕ್ಕಳಿರಲಿಲ್ಲ. ಸಾಕಿದರು. ನಾನು ಹೇಳ್ತಿರೋದೆಲ್ಲ ಅವನು ನಂಗೆ ಹೇಳಿದ್ದು, ಹೇಳೋವಾಗೆಲ್ಲ ಮುಖ ಆ ಕಡೆ ತಿರುಗಿಸ್ಕೋತಿದ್ದ.

"ಮುಂದಿನ ತಿಂಗಳು ಅವರು ಅನಾನಿಗೆ ಹೋದರು. ಆ ಸುದ್ದಿ ಹೊತ್ಕೊಂಡು ಹೋಗೋದು ಅಂದ್ರೆ ಸುಮ್ನೇನಾ? ಮೇಲೆ ಸುತ್ತು ಹಾಕೋವಾಗ ನೋಡ್ತಾರೆ, ಗುಡಿಸಿದ ನೀರಿನ ಕೊನೇಲಿ ನಮ್ಮಪ್ಪ, ಕೆಂಪಂಚಿನ ಬಟ್ಟೆ ಬೀಸ್ತಾ... ಅಷ್ಟು ಜೋರಾಗಿ ಯಾವತ್ತೂ ಬೀಸಿರಲಿಲ್ಲವಂತೆ. ಹೆಂಡತಿ ಗಾಜಲ್ಲಿ ಮುಖ ಇಟ್ಟು ನೋಡ್ತಿದಾಳೆ ಅಂದ್ಕೊಂಡಿದ್ದ ಪಾಪ. ವಿಮಾನ ತಿರುಗಿಸಿಕೊಂಡು ಇಳಿಯೋ ಹೊತ್ತಿಗೆ ಅಲ್ಲಿ ದೋಣಿ ಮಗುಚಿ ಬಿದ್ದಿತ್ತು. ನೀರಡಿ ಮುಳುಗಿದ್ದ ದಿಮ್ಮಿಯೊಂದು ಎದ್ದು ಹೊಡೆದಿತ್ತು. ಅವನೂ ಸಿಗ್ಲಿಲ್ಲ, ಬಟ್ಟೇನೂ ಸಿಗ್ಲಿಲ್ಲ. ಸುದ್ದಿ ತಂದೋರು ತಂದ ಸುದ್ದೀನ ಹಾಗೇ ವಾಪಸ್ ತಗೊಂಡು ಬಂದರು. ಅವಳು ಸತ್ತಿದ್ದು ಅವನಿಗೆ ಗೊತ್ತಾಗಲೇ ಇಲ್ಲ. ನಾನು ಹುಟ್ಟಿದ್ದೂ ಗೊತ್ತಾಗಲಿಲ್ಲ.

"ಅದನ್ನ ಇಷ್ಟು ವರ್ಷ ಎದೇಲಿ ಇಟ್ಕೊಂಡು ಸೌಟು ತಿರುವಿದೀನಿ. ನಾನು ಇದರಲ್ಲಿ ಹುಟ್ಟಿದ್ದು ಅಂದ್ರೆ ನಗದೆ ನಂಬಿದೋರು ಈ ಕಮಾಂಡರ್ ಒಬ್ಬರೇ. ಈ ಮಹರಾಯರು ಬಂದು, ಮೊದಲ ಹಾರಾಟಕ್ಕೆ ಎಲ್ಲಿಗೆ ಹೋಗೋಣ ಡೋನಾ ಒರ್ಮೆ, ನೀವು ಇದರಲ್ಲೇ ಹುಟ್ಟಿದೋರು ನೀವೇ ಹೇಳಿ ಅಂದಾಗ, ಅನಾನಿ ಅಂದೆ. ಅಲ್ಲಿ ಈಗ ಊರಿಲ್ಲ, ಕಂಬಗಳೂ ಕೊಳೆತುಹೋಗಿವೆ. ಆದ್ರೂ ನಂಗೆ ಆ ನೀರಿಗೆ ಒಂದು ಮಾತು ಹೇಳ್ಬೇಕಿತ್ತು. ಅಪ್ಪಾ, ಅವಳು ಬರಲ್ಲ, ಕಾಯಬೇಡ, ನಾನಿದ್ದೀನಿ ನೋಡು, ನಿನ್ನ ಮಗಳು... ಇಷ್ಟೇ. ಪಾತ್ರೆ ಮುಂದೆ ನಿಂತು ಎಷ್ಟು ಸಲ ಹೇಳಿ ಹೇಳಿ ಕಲಿತಿದ್ದೆ.

"ಅಲ್ಲಿ ಹೊಳೆ ಗುಡಿಸೋರು ಯಾರಿದಾರೆ? ಎಲ್ಲಿ ನೋಡಿದ್ರೂ ದಿಮ್ಮಿ. ಇವರು ಇಳಿಸಲ್ಲ, ವಾಪಸ್ ಹೋಗೋಣ ಅಂದ್ರು. ಅಷ್ಟರಲ್ಲಿ ಒಂದು ಪಟ್ಟಿ ನೀರು, ಕೈಯಲ್ಲಿ ಸವರಿದ ಹಾಗೆ ಚೊಕ್ಕಟ. ಅದರ ಕೊನೇಲಿ ಒಂದು ದೋಣಿ, ಬಿಳಿ ಬಟ್ಟೆ. ಕಮಾಂಡರ್, ನೋಡಿದ್ರೋ ಇಲ್ವೋ?"

ಒಟಾಸಿಲಿಯೊ ತಲೆ ತಗ್ಗಿಸಿ ಬಟ್ಟಲನ್ನೇ ನೋಡುತ್ತಿದ್ದರು. "ಬಟ್ಟೆ ನೋಡೇ ಇಳಿಸಿದ್ದು," ಎಂದರು. "ದೋಣಿಗೆ ಹಗ್ಗ ಎಸೆದೆ. ಹಗ್ಗ ದೋಣಿಯನ್ನ ಹಾದು ನೀರಿಗೇ ಬಿತ್ತು."

"ಇಂಜಿನ್ ನಿಂತಿತು, ದೋಣಿ ಬಂತು. ನಾನು ಗಾಜು ಸರಿಸಿದೆ. ಇಷ್ಟು ಹತ್ರ. ಇಪ್ಪತ್ತು ದಾಟಿದ ಹುಡುಗ ಕಣ್ರೋ, ನನ್ನ ಮೊಮ್ಮಗ ಆಗಬಹುದಿತ್ತು, ತಲೆಯಿಂದ ನೀರು ಸೋರ್ತಿದೆ, ಮೂಗು ಥೇಟ್ ನಂದೇ ಮೂಗು. ಕೈಯಲ್ಲಿ ಕೆಂಪಂಚಿನ ಬಟ್ಟೆ... ನನ್ನ ಬಟ್ಟೆ, ನನಗೆ ಸುತ್ತಬೇಕಾಗಿದ್ದು. ಕಲಿತಿದ್ದೆಲ್ಲ ಮರೆತುಹೋಯ್ತು. 'ಅಪ್ಪಾ' ಅಂತ ಅಷ್ಟೇ ಬಾಯಿಗೆ ಬಂತು. ಅವನು ನನ್ನ ಮುಖ ನೋಡಿದ. ನೋಡಿ, ನನ್ನ ಭುಜದಾಚೆ ಒಳಗೆ ಬಗ್ಗಿ ನೋಡ್ತಾ, ಎಷ್ಟು ಮರ್ಯಾದೆಯಿಂದ ಕೇಳಿದ ಗೊತ್ತಾ...

"'ಅಜ್ಜೀ, ಒಳಗೆ ಇನ್ನೂ ಯಾರಾದರೂ ಇದಾರಾ?'"

ಅವಳು ಹಳೆಯ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. ರಾಯ್ಸಾ ಅವಳ ಮೊಣಕಾಲ ಮೇಲೆ ಕೈಯಿಟ್ಟಳು.

"ಹೇಳ್ಬಹುದಿತ್ತು, ಇಲ್ಲಪ್ಪಾ ಯಾರೂ ಇಲ್ಲ ಅಂತ. ಆ ಕಣ್ಣು ನೋಡಿ ನಂಗೆ ಹೇಳೋಕಾಗ್ಲಿಲ್ಲ. 'ಮುಂದಿನ ಸಲ ಬರ್ತಾಳೆ' ಅಂದೆ. ತಪ್ಪು ಅನ್ನಬೇಡಿ, ನೀವಾಗಿದ್ರೂ ಅದನ್ನೇ ಅಂತಿದ್ರಿ. ಅವನು ನಕ್ಕ. ಅಂಗೈನ ಗಾಜಿಗೆ ಒತ್ತಿ, ದೋಣೀನ ದೂರ ತಳ್ಕೊಂಡು ಹೋದ.

"ಅವತ್ತಿಂದ ಆ ಗಾಜಿನ ಮೇಲೆ ಕೈ ಗುರುತು. ಇಲ್ಲೀವರೆಗೂ ಬರ್ತಾನೆ ಅಂತ ನಾನೂ ಅಂದ್ಕೊಂಡಿರಲಿಲ್ಲ. ಮಳೆಯಾದ ಮೇಲೆ, ನೀವೆಲ್ಲ ಹೊರಟ ಮೇಲೆ, ನಾನು ಪಾತ್ರೆ ತೊಳೆದು ದಿನಾ ಹೋಗಿ ಆ ಗಾಜಿಗೆ ಹೇಳ್ತಿದ್ದೆ, ಇವತ್ತಲ್ಲಪ್ಪಾ, ಮುಂದಿನ ಸಲ ಅಂತ. ಹೊರಗಡೆ ನಿಂತು ಕೇಳಿಸ್ಕೊಂಡು ಹೋಗ್ತಿದ್ದ. ಒಳಗೆ ಇಣುಕುತ್ತಿರಲಿಲ್ಲ, ಹೇಳಿದ ಮಾತು ನಂಬೋ ಹುಡುಗ. ಈ ವಾರ ನಾನು ಜ್ವರದಲ್ಲಿ ಬಿದ್ದಿದ್ದೆ. ಪಾಪ, ಯಾರಿದ್ದರು ಅವನಿಗೆ ಉತ್ತರ ಹೇಳೋಕೆ? ಕೇಳಿದಾನೆ, ಕೇಳಿದಾನೆ... ಯಾರೂ ಮಾತಾಡಿಲ್ಲ."

ಮಳೆ ತೆಳುವಾಗಿತ್ತು. ತಗಡಿನ ಮೇಲೆ ಹನಿಗಳ ಸದ್ದು ಬಿಟ್ಟು ಬಿಟ್ಟು ಕೇಳುತ್ತಿತ್ತು. ಡೋನಾ ಒರ್ಮೆಜಿಂಡಾ ಮೊಣಕಾಲು ಹಿಡಿದುಕೊಂಡು ಎದ್ದು, ಬೀಗದ ಕೈ ಯಾರ ಹತ್ತಿರವಿದೆ ಎಂದು ಕೇಳಿದಳು. ಒಟಾಸಿಲಿಯೊ ಜೇಬಿನಿಂದ ತೆಗೆದರು. ವಾರದಿಂದ ತಮ್ಮ ಜೇಬು ಬಿಟ್ಟು ಹೋಗಿಲ್ಲ, ಒಳಗೆ ಯಾರೂ ಕಾಲಿಟ್ಟಿಲ್ಲ ಎಂದರು.

"ಗೊತ್ತು," ಎಂದು ಅವಳು ಕೈ ಚಾಚಿ ಬೀಗದ ಕೈ ಇಸಿದುಕೊಂಡಳು. ಆಮೇಲೆ ರಾಯ್ಸಾಳ ಕಡೆ ತಿರುಗಿದಳು.

"ಎಷ್ಟು ಉಜ್ಜಿದ್ರೂ ಹೋಗಲ್ಲ ಅಂದ್ಯಲ್ಲ ಮಗಳೆ. ಹೊರಗಡೆ ನಿಂತು ಉಜ್ಜಿದ್ರೆ ಹೇಗೆ ಹೋಗುತ್ತೆ? ಇವತ್ತಿನ ಗುರುತು ಒಳಗಡೆಯಿಂದ ಬಿದ್ದಿದೆ. ಬೆಂಚು ಖಾಲಿ ಇರೋದನ್ನ ನೋಡಿಬಿಟ್ಟಿದಾನೆ ನಮ್ಮಪ್ಪ... ನೀವು ಇಲ್ಲೇ ಇರಿ. ಅವನ ಹತ್ರ ಹೋಗಿ ಕೂತ್ಕೋತೀನಿ."